ಇನ್ನೂರ ಹನ್ನೊಂದು ಕೈಗಳು

ಜೂನ್ ೩, ಸೋಮವಾರ

ಪ್ರಯಾಣಿಕರ ಗಮನಕ್ಕೆ! ಮಾನ್ಯ ಮಹಾಜನರೇ, ಮುಂದೆ ಹುಟ್ಟಲಿರುವ ಇತಿಹಾಸಕಾರರೇ, ಹಳೇ ಪೇಪರಿನ ಜೊತೆ ಈ ಪುಸ್ತಕವನ್ನೂ ತಕ್ಕಡಿಗೆ ಹಾಕಿಕೊಂಡು, ತೂಗುವ ಮೊದಲು ಒಂದು ಪುಟ ತಿರುವಿ ನೋಡುತ್ತಿರುವ ರದ್ದಿ ಅಂಗಡಿಯ ಮಾಲೀಕರೇ! ತಮ್ಮೆಲ್ಲರ ಸಮ್ಮುಖದಲ್ಲಿ ಪ್ರಮಾಣ ಮಾಡುತ್ತೇನೆ. ಈ ದಿನಚರಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಯಾರ ಪರವನ್ನೂ ವಹಿಸುವುದಿಲ್ಲ. ಪ್ರಾಸಕ್ಕಾಗಿ ಸತ್ಯವನ್ನು ಬಲಿ ಕೊಡುವುದಿಲ್ಲ. ಪ್ರಾಸ ತೀರಾ ಚೆನ್ನಾಗಿದ್ದರೆ ಮಾತ್ರ ಸ್ವಲ್ಪ ಆಚೀಚೆ.

ನನ್ನ ಉದ್ಯೋಗ ಮೈಕು. ಬಸ್ ನಿಲ್ದಾಣದ ನಡುವೆ, ನಾಲ್ಕು ಕಡೆ ಗಾಜಿರುವ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಇಪ್ಪತ್ತೊಂದು ವರ್ಷದಿಂದ ಕೂಗುತ್ತಿದ್ದೇನೆ. ಜನ ಮೈಕಣ್ಣ ಎನ್ನುತ್ತಾರೆ. ಬಿ.ಎ. ಓದುವಾಗ ಅಂಟಿದ ಪ್ರಾಸದ ಚಟ ಇನ್ನೂ ಬಿಟ್ಟಿಲ್ಲ. ‘ಚೀಲ ಮರೆತರೂ ಕಾಲ ಮರೆಯದಿರಿ, ಬಾಗಿಲಲ್ಲಿ ನಿಲ್ಲದೆ ಒಳಗೆ ಸರಿಯಿರಿ’ ಎನ್ನುವುದು ನನ್ನ ರಚನೆ. ಇದುವರೆಗೆ ಯಾರೂ ಒಳಗೆ ಸರಿದಿಲ್ಲ.

ಬಸ್ಸುಗಳು ನಮ್ಮ ಸಹಕಾರ ಸಂಘದವು. ಚಾಲಕರು, ನಿರ್ವಾಹಕರು, ಮೆಕ್ಯಾನಿಕ್ಕುಗಳು, ಗುಡಿಸುವವರು ಎಲ್ಲ ಸೇರಿ ಇನ್ನೂರ ಹನ್ನೆರಡು ಸದಸ್ಯರು. ನಾವೇ ಅಧ್ಯಕ್ಷನನ್ನು ಆರಿಸುತ್ತೇವೆ, ಆಮೇಲೆ ವರ್ಷವಿಡೀ ಬೈಯುತ್ತೇವೆ. ಇದಕ್ಕೆ ಸಹಕಾರ ಎಂದು ಹೆಸರು.

ಇವತ್ತು ಹೊಸ ಅಧ್ಯಕ್ಷ ಗೆದ್ದ. ನಿನ್ನೆಯವರೆಗೆ ಅವನು ಬಸ್ಸು ಹತ್ತಿ ಟಿಕೆಟ್ ಚೆಕಿಂಗ್ ಮಾಡುತ್ತಿದ್ದವ. ಮುಖ ನೋಡಿಯೇ ಯಾರ ಹತ್ತಿರ ಟಿಕೆಟ್ ಇಲ್ಲ, ಯಾರಿಗೆ ಒಳಗೊಳಗೇ ನಡುಕ ಎಂದು ಹೇಳಬಲ್ಲವ. ಗೆದ್ದ ಭಾಷಣದಲ್ಲಿ ಅತ್ತುಬಿಟ್ಟ. ಅವನು ಹಸುಗೂಸಾಗಿದ್ದಾಗ ತಾಯಿ ಅವನನ್ನು ಎತ್ತಿಕೊಂಡು ತವರಿಗೆ ಹೋಗಲು ಬಸ್ಸಿಗೆ ಕಾದಳಂತೆ. ಬಸ್ಸು ಅರ್ಧ ಗಂಟೆ ತಡ. ಅಷ್ಟರಲ್ಲಿ ಅಲ್ಲಿ ಅಜ್ಜ ತೀರಿಕೊಂಡಿದ್ದನಂತೆ. ಮುಂದಿನ ಸಾಲಿನ ಚಾಲಕರೆಲ್ಲ ಮೂಗೆಳೆದರು. ಅರ್ಧ ಗಂಟೆ ತಡ ಮಾಡುವುದನ್ನೇ ಕಸುಬು ಮಾಡಿಕೊಂಡವರು!

ಪಕ್ಕದಲ್ಲಿ ಭಾವ ಕೂತಿದ್ದರು. ನನ್ನ ಹೆಂಡತಿಯ ಅಣ್ಣ. ಗ್ಯಾರೇಜಿನ ಹೆಡ್ ಮೆಕ್ಯಾನಿಕ್ಕು. ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಎಲ್ಲರೂ ಕಣ್ಣೊರೆಸಿಕೊಳ್ಳುವಾಗ ನನ್ನ ಕಿವಿಗೆ ಬಾಗಿ, “ಬಸ್ಸು ಯಾಕೆ ತಡ ಆಯ್ತಂತೆ? ಕ್ಲಚ್ಚಾ?” ಎಂದರು. ನಗು ತಡೆಯಲಾರದೆ ಕೆಮ್ಮಿದೆ. ಅಕ್ಕಪಕ್ಕದವರು ನಾನೂ ಅತ್ತೆನೆಂದು ಬೆನ್ನು ಸವರಿದರು.

ಜೂನ್ ೧೨, ಬುಧವಾರ

ಆ ಚೆಕಿಂಗ್‌ನವ ಕೋಣೆಗೆ ಕರೆಸಿದ್ದ. ಕೂರಿಸಿ ಚಹಾ ತರಿಸಿದ. ಇಪ್ಪತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ನನಗೆ ಕುರ್ಚಿ ಸಿಕ್ಕಿದ್ದು ಇದೇ ಮೊದಲು.

“ಮೈಕಣ್ಣ, ನಾನು ಬಸ್ಸಲ್ಲಿ ಓಡಾಡಿದ್ದೀನಿ. ನಿಮ್ಮ ಪ್ರಾಸ ಮಕ್ಕಳ ಬಾಯಲ್ಲೆಲ್ಲ ಇದೆ. ಇಂಥ ಮನುಷ್ಯನ್ನ ಗಾಜಿನ ಡಬ್ಬಿಯಲ್ಲಿ ಉಪ್ಪಿನಕಾಯಿ ಹಾಕಿಟ್ಟಿದಾರಲ್ಲ!”

ಇದು ಬೆಣ್ಣೆ ಎಂದು ನನಗೆ ಗೊತ್ತಿತ್ತು. ಬೆಣ್ಣೆ ಎಂದು ಗೊತ್ತಿದ್ದೂ ಜಾರಿದ್ದು ಹೌದು. ಆದರೆ ಎಷ್ಟು ಜಾರಿದೆನೆಂದು ನಾನೇ ಅಳೆದುಕೊಂಡಿದ್ದೇನೆ, ಹೆಚ್ಚಿಲ್ಲ.

ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡಬೇಕು, ಅದಕ್ಕೊಂದು ಘೋಷಣೆ ಬೇಕಂತೆ. “ಜನಕ್ಕೆ ಬುದ್ಧಿ ಹೇಳೋದು ಬೇಡ. ಕೇಳಿದ ಕೂಡಲೇ ಇಲ್ಲಿ ಏನಾದ್ರೂ ಆಗ್ಬೇಕು,” ಎಂದು ಎದೆ ಮುಟ್ಟಿ ತೋರಿಸಿದ. ಆಮೇಲೆ ಸ್ವಲ್ಪ ಯೋಚಿಸಿ ಕೈಯನ್ನು ಹೊಟ್ಟೆಗೆ ಇಳಿಸಿದ. “ಇಲ್ಲೂ.”

ಜೂನ್ ೨೧, ಶುಕ್ರವಾರ

ಘೋಷಣೆ ಸಿದ್ಧ. ದಿನಕ್ಕೆ ನಲವತ್ತು ಸಲ ಮೈಕಿನಲ್ಲಿ:

ಹೊತ್ತಿಗೆ ಸರಿಯಾಗಿ ಹೊರಟವ ನಮ್ಮವ,
ಕುತ್ತಿಗೆ ಹಿಡಿದು ನಿಲ್ಲಿಸುವವ ಯಾವನವ?

ಭಾವ ಗೂಡಿನ ಕಿಟಕಿಗೆ ಬಂದು, “ಚೆನ್ನಾಗಿದೆ ಕಣಯ್ಯಾ, ಆದ್ರೆ ಕೊನೇಲಿ ಪ್ರಶ್ನೆ ಕೇಳಿ ಬಿಟ್ಟಿದ್ದೀಯಲ್ಲ, ಉತ್ತರ ಎಲ್ಲಿ?” ಎಂದರು.

“ಉತ್ತರ ಇಲ್ಲ ಭಾವ. ಪ್ರಾಸಕ್ಕೆ ಇಟ್ಟಿದ್ದು.”

“ಖಾಲಿ ಸೀಟು ಬಿಟ್ರೆ ಯಾರಾದ್ರೂ ಬಂದು ಕೂತ್ಕೋತಾರೆ, ನೋಡ್ಕೋ,” ಎಂದು ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೋದರು. ಮೆಕ್ಯಾನಿಕ್ಕರಿಗೆ ಕಾವ್ಯ ಅರ್ಥವಾಗುವುದು ಕಷ್ಟ.

ಜೂನ್ ೨೯, ಶನಿವಾರ

ನಿಲ್ದಾಣದ ದೊಡ್ಡ ಗಡಿಯಾರವನ್ನು ಏಳು ನಿಮಿಷ ಹಿಂದಕ್ಕೆ ತಿರುಗಿಸಿದ್ದಾರೆ. ಇವತ್ತು ನಲವತ್ತೊಂದು ಬಸ್ಸುಗಳಲ್ಲಿ ಮೂವತ್ತಾರು ಹೊತ್ತಿಗೆ ಸರಿಯಾಗಿ ಹೊರಟವು. ಮೈಕಿನಲ್ಲಿ ಹೇಳಿದಾಗ ಚಪ್ಪಾಳೆ ಬಿತ್ತು. ಕೈಗಡಿಯಾರ ಕಟ್ಟಿಕೊಂಡಿದ್ದ ಒಬ್ಬ ಪ್ರಯಾಣಿಕ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ. ನಕ್ಕೆ. ಆದರೆ ಒಂದು ಮಾತು ಒಪ್ಪಬೇಕು: ಜನ ಖುಷಿಯಾಗಿದ್ದಾರೆ. ಏಳು ನಿಮಿಷದಲ್ಲಿ ಇಷ್ಟು ಖುಷಿ ಹಿಂದಿನ ಯಾವ ಅಧ್ಯಕ್ಷನೂ ಕೊಟ್ಟಿರಲಿಲ್ಲ.

ಜುಲೈ ೮, ಸೋಮವಾರ

ಹೊರಡದೆ ಉಳಿದ ಐದು ಬಸ್ಸುಗಳೂ ಗ್ಯಾರೇಜಿನಲ್ಲಿವೆ. ಬ್ರೇಕಿನ ಪಟ್ಟಿ ಸವೆದಿದೆ, ಬದಲಿಸದೆ ಬಿಡುವುದಿಲ್ಲ ಎಂದು ಭಾವ ಪುಸ್ತಕದಲ್ಲಿ ಬರೆದು ಸಹಿ ಹಾಕಿ ನಿಲ್ಲಿಸಿದ್ದಾರೆ. ಹೊಸ ಪಟ್ಟಿ ತರಿಸಲು ಅಧ್ಯಕ್ಷರು ಒಪ್ಪಿಲ್ಲ. ಈಗ ಆದ್ಯತೆ ಬ್ಯಾನರುಗಳಿಗೆ.

ಬೆಳಗಿನ ಪಾಳಿಯ ಸಭೆಯಲ್ಲಿ ಅಧ್ಯಕ್ಷರು ನನ್ನ ಘೋಷಣೆ ಕೂಗಿಸಿದರು. “ನಿಲ್ಲಿಸುವವ ಯಾವನವ?” ಎಂದು ಅವರು ಕೇಳಿ, ಕಿವಿಗೆ ಕೈ ಹಿಡಿದು ಕಾದರು. ಎಂದಿನ ಹಾಗೆ ಮೌನ. ಅಷ್ಟರಲ್ಲಿ ಹಿಂದಿನಿಂದ ಯಾರೋ “ಗ್ಯಾರೇಜಿನವ!” ಎಂದರು. ಒಂದು ಕ್ಷಣ ಎಲ್ಲರೂ ನಕ್ಕರು. ಎರಡನೇ ಸಲ ಹತ್ತು ಜನ ಹೇಳಿದರು. ಮೂರನೇ ಸಲ ಯಾರೂ ನಗಲಿಲ್ಲ.

ಪ್ರಾಸ ಮಾತ್ರ ಸೊಗಸಾಗಿ ಕೂತಿದೆ. ನಾನು ಬರೆದದ್ದಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ.

ಜುಲೈ ೧೪, ಭಾನುವಾರ

ಭಾವ ಮನೆಗೆ ಬಂದಿದ್ದರು. ಹತ್ತು ವರ್ಷದ ನನ್ನ ಮಗಳು ಅಂಗಳದಲ್ಲಿ ಹಗ್ಗದಾಟ ಆಡುತ್ತ, ಹಗ್ಗದ ಒಂದೊಂದು ಏಟಿಗೆ ಒಂದೊಂದು ಪದ ಹೇಳುತ್ತಿದ್ದಳು: “ಹೊತ್ತಿಗೆ, ಸರಿಯಾಗಿ, ಹೊರಟವ, ನಮ್ಮವ...” ಕೊನೆಗೆ “ಗ್ಯಾ-ರೇ-ಜಿ-ನ-ವ!” ಎಂದು ಐದು ಸಲ ಹಾರಿದಳು. ಆಮೇಲೆ ಹಗ್ಗ ಕೈಯಲ್ಲಿ ಹಿಡಿದೇ ಬಂದು, “ಮಾಮ, ಅದು ನೀನೇನಾ?” ಎಂದಳು.

“ಹೂಂ ಪುಟ್ಟಿ, ನಾನೇ. ಇನ್ನೊಂದ್ಸಲ ಹೇಳು. ಎರಡನೇ ಸಾಲಿನ ಮಧ್ಯೆ ಉಸಿರು ಎಳ್ಕೋಬೇಡ, ತಾಳ ಹೋಗುತ್ತೆ.” ಅವರೇ ಕೈತಟ್ಟಿ ತಾಳ ಹಾಕಿದರು. ಅವಳು ಇನ್ನೂ ಹನ್ನೆರಡು ಸಲ ಹಾರಿದಳು.

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಭಾವ ಹೋದ ಮೇಲೆ ಹೆಂಡತಿ ನನ್ನ ಮುಂದೆ ತಟ್ಟೆ ಇಟ್ಟ ರೀತಿಯಲ್ಲಿ ಅದು ತಟ್ಟೆಯಾಗಿ ಉಳಿದದ್ದೇ ಹೆಚ್ಚು. ಅವಳು ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವಳು. ಯಾವುದು ಯಾರಿಗೆ ಸೇರಬೇಕೆಂದು ಅವಳಿಗೆ ಬೇಗ ತಿಳಿಯುತ್ತದೆ.

ಏನೇ ಇರಲಿ, ಮಕ್ಕಳ ಬಾಯಿಗೆ ಹತ್ತಿತಲ್ಲ.

ಜುಲೈ ೨೨, ಸೋಮವಾರ

ಈಗ ಅಧ್ಯಕ್ಷರ ಭಾಷಣವನ್ನೂ ನಾನೇ ಬರೆಯುತ್ತೇನೆ. ನೀಲಿ ಶಾಯಿಯಲ್ಲಿ ಮಾತು, ಕೆಂಪು ಶಾಯಿಯಲ್ಲಿ ಅಭಿನಯ. ‘ಇಲ್ಲಿ ಎರಡು ಕ್ಷಣ ಮೌನ.’ ‘ಇಲ್ಲಿ ಕಣ್ಣೊರೆಸಿಕೊಳ್ಳಿ.’ ‘ಇಲ್ಲಿ ಬಲಗೈ ಮೇಲೆತ್ತಿ.’ ಅವರು ಕೆಂಪನ್ನು ಓದುವುದಿಲ್ಲ, ಮಾಡುತ್ತಾರೆ. ನಟನೆ ಎನ್ನಬಾರದು, ಭಾವನೆ ಅವರಲ್ಲಿ ಮೊದಲೇ ಇದೆ, ಎಲ್ಲಿ ಇಳಿಯಬೇಕೆಂದು ನಾನು ಅಂಕಣ ತೋರಿಸುತ್ತೇನೆ ಅಷ್ಟೆ.

ತಾಯಿಯ ಕಥೆಯಲ್ಲಿ ಅರ್ಧ ಗಂಟೆ ತಡ ಸಾಲದೆನಿಸಿ ಎರಡೂವರೆ ಗಂಟೆ ಮಾಡಿದೆ. ಬಿಸಿಲು ಸೇರಿಸಿದೆ. ಆಕೆಯನ್ನು ಬರಿಗಾಲಲ್ಲಿ ನಿಲ್ಲಿಸಿದೆ. “ಬರಿಗಾಲಾ?” ಎಂದು ಅಧ್ಯಕ್ಷರು ಕೇಳಿದರು. “ಕಾದ ಡಾಂಬರಿನ ಮೇಲೆ, ಸಾರ್,” ಎಂದೆ. ಅವರು ಕಿಟಕಿಯ ಕಡೆ ತಿರುಗಿ ಕರವಸ್ತ್ರ ತೆಗೆದರು. ಎಂಥ ಮಗ!

ಜುಲೈ ೩೦, ಮಂಗಳವಾರ

ಎದೆಗೆ ಹಾಕಿಕೊಳ್ಳುವ ಬಿಲ್ಲೆ ಬಂದಿದೆ. ಒಂದು ಜೋಡಿ ಬರಿಗಾಲಿನ ಚಿತ್ರ. ಹಾಕಿಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಹಾಕಿಕೊಳ್ಳದವರ ಪಟ್ಟಿ ಮಾತ್ರ ಸೂಚನಾ ಫಲಕದಲ್ಲಿದೆ. ಒಂದೇ ಹೆಸರು.

ಆಗಸ್ಟ್ ೬, ಮಂಗಳವಾರ

ಎಪ್ಪತ್ತು ದಾಟಿದ ಹೆಂಗಸೊಬ್ಬರು ಇವತ್ತು ಗೂಡಿನ ಕಿಟಕಿಗೆ ಬಂದರು. ಕಾಲಲ್ಲಿ ಹೊಸ ಕೆಂಪು ಚಪ್ಪಲಿ, ಬಗಲಲ್ಲಿ ಕೊಡೆ. “ನಾನು ಅಧ್ಯಕ್ಷನ ತಾಯಿ ಕಣಪ್ಪಾ. ಇವನ ಕೋಣೆ ಯಾವ ಕಡೆ?”

ನಾನು ಎದ್ದು ನಿಂತೆ. ನಿಂತದ್ದಷ್ಟೇ ಅಲ್ಲ, ನನ್ನ ಚಪ್ಪಲಿಯಿಂದ ಕಾಲು ತಾನಾಗಿ ಹೊರಗೆ ಬಂತು. “ಅಮ್ಮಾ, ಆ ದಿನ ಎರಡೂವರೆ ಗಂಟೆ, ಆ ಬಿಸಿಲಲ್ಲಿ...”

“ಯಾವ ದಿನ?”

“ನಿಮ್ಮ ತಂದೆ ಹೋದ ದಿನ. ಬಸ್ಸಿಗೆ ಕಾದಿದ್ದು.”

“ಬಸ್ಸಾ?” ಎಂದು ಅವರು ಕೊಡೆ ಊರಿ ನಿಂತರು. “ಅಪ್ಪನ ಮನೆ ನಮ್ಮನೆಯಿಂದ ಎರಡು ಬೀದಿ ಆಚೆ. ಬಸ್ಸು ಯಾಕಪ್ಪಾ ಹತ್ಲಿ? ಅಪ್ಪ ಹೋದಾಗ ಇವನಿಗೆ ಇಪ್ಪತ್ತೆರಡು ವರ್ಷ. ಸಿನಿಮಾಕ್ಕೆ ಹೋಗಿದ್ದ. ಹುಡುಕಿಸಿ ಹುಡುಕಿಸಿ ಸಾಕಾಯ್ತು.”

ಪಾಪ. ಅಷ್ಟು ದೊಡ್ಡ ನೋವನ್ನು ಮನಸ್ಸು ಹೇಗೆ ಅಳಿಸಿಹಾಕಿಬಿಟ್ಟಿದೆ ನೋಡಿ! ಆಕೆ ಹೋದ ಮೇಲೂ ಬಹಳ ಹೊತ್ತು ಆ ಪಾದಗಳೇ ಕಣ್ಣ ಮುಂದೆ. ಮಧ್ಯಾಹ್ನ ಊಟ ಸೇರಲಿಲ್ಲ.

ಆಗಸ್ಟ್ ೧೩, ಮಂಗಳವಾರ

ಮನೆಯಲ್ಲಿ ಜಗಳ. ಗೋಡೆ ಗಡಿಯಾರವನ್ನು ನಿಲ್ದಾಣದ ಗಡಿಯಾರಕ್ಕೆ ಹೊಂದಿಸಿಟ್ಟಿದ್ದೆ. ಎರಡು ಕಡೆ ಎರಡು ಹೊತ್ತಿದ್ದರೆ ಮನುಷ್ಯನಿಗೆ ಗೊಂದಲ. ಹೆಂಡತಿಗೆ ಕಚೇರಿಗೆ ಹೋಗುವ ಸರ್ಕಾರಿ ಬಸ್ಸು ತಪ್ಪಿತು.

“ಬಸ್ಸು ಮುಂಚೆ ಹೋಗಿರ್ಬೇಕು,” ಎಂದೆ.

“ಬಸ್ಸು ಮುಂಚೆ ಹೋಗಿಲ್ಲ, ನಿಮ್ಮ ತಲೆ ಹಿಂದೆ ಹೋಗಿದೆ. ಅಲ್ರೀ, ಜೂನಲ್ಲಿ ‘ಆ ಚೆಕಿಂಗ್‌ನವ’ ಅಂತಿದ್ರಿ. ಈಗ ತುತ್ತಿಗೊಂದ್ಸಲ ಅವರು ಹೇಳಿದ್ರು, ಅವರು ಅತ್ರು. ಯಾರ್ರೀ ಅವರು, ನಿಮ್ಮ ಮಾವನಾ?”

“ಗೌರವ ಕೊಟ್ರೆ ಏನು ನಷ್ಟ?”

“ನಷ್ಟ ನಿಮಗಲ್ಲ, ನಮ್ಮಣ್ಣನಿಗೆ,” ಎಂದಳು.

ವಿಷಯ ಇಷ್ಟೆ. ಹೆಡ್ ಮೆಕ್ಯಾನಿಕ್ ಈಗ ಒಂಬತ್ತು ಬಸ್ಸು ನಿಲ್ಲಿಸಿದ್ದಾನೆ. ಅವನನ್ನು ಕೆಲಸದಿಂದಲೂ ಸದಸ್ಯತ್ವದಿಂದಲೂ ತೆಗೆಯಲು ಇಪ್ಪತ್ತೈದರಂದು ಸರ್ವ ಸದಸ್ಯರ ಸಭೆ. ತೆಗೆದರೆ ನಿವೃತ್ತಿಯ ವೇತನವೂ ಇಲ್ಲ. ಬೇಸರದ ಸಂಗತಿಯೇ. ಆದರೆ ನಲವತ್ತೊಂದು ಬಸ್ಸಿನ ಹಿತವನ್ನೂ ನೋಡಬೇಕಲ್ಲ. ಅದನ್ನು ಅವಳಿಗೆ ಹೇಳಿದೆ. ರಾತ್ರಿಯ ಊಟವನ್ನು ನಾನೇ ಬಡಿಸಿಕೊಂಡೆ.

ಆಗಸ್ಟ್ ೨೪, ಶನಿವಾರ

ಸಂಜೆ ಹೆಡ್ ಮೆಕ್ಯಾನಿಕ್ ಮನೆಗೆ ಬಂದ. ಮೇಜಿನ ಮೇಲೆ ಪೇಪರ್ ಹಾಸಿ, ಚೀಲದಿಂದ ಎರಡು ಬ್ರೇಕ್ ಪಟ್ಟಿ ತೆಗೆದಿಟ್ಟ. ಒಂದು ಹೊಸದು, ಬೆರಳಿನಷ್ಟು ದಪ್ಪ. ಇನ್ನೊಂದು ಹದಿನೇಳನೇ ನಂಬರಿನ ಬಸ್ಸಿನದು, ಉಗುರಿನಷ್ಟು.

“ಮುಟ್ಟಿ ನೋಡಯ್ಯಾ. ಭಾಷಣ ಮಾಡೋಕೆ ನನಗೆ ಬರಲ್ಲ. ನಾಳೆ ಇದನ್ನೇ ಕೈಯಿಂದ ಕೈಗೆ ಕಳಿಸ್ತೀನಿ. ಮುಟ್ಟಿದ ಮೇಲೆ ಯಾರಿಗೂ ಏನೂ ಹೇಳ್ಬೇಕಾಗಿಲ್ಲ.”

ಸಂಘದ ನಿಯಮದಲ್ಲಿ ಸದಸ್ಯನನ್ನು ತೆಗೆಯುವ ಮತ ಚೀಟಿಯಲ್ಲೇ ಆಗಬೇಕು, ಗುಟ್ಟಾಗಿ. ಅದೇ ಅವನ ಧೈರ್ಯ. “ನೂರಾ ಇಪ್ಪತ್ತು ಜನ ಮಾತು ಕೊಟ್ಟಿದ್ದಾರೆ. ಎದುರಿಗೆ ಗ್ಯಾರೇಜಿನವ ಅಂತ ಕೂಗ್ತಾರೆ, ಹಿಂದಿನಿಂದ ಬಂದು ಕೈ ಹಿಡ್ಕೋತಾರೆ. ಚಾಲಕರಲ್ಲವೇನಯ್ಯಾ, ಬ್ರೇಕು ಅವರ ಕಾಲ ಕೆಳಗೇ ಇರೋದು. ನಿಂದೂ ಒಂದು ಚೀಟಿ ಇದ್ದೇ ಇರುತ್ತೆ, ಅಲ್ವಾ?”

“ಅದನ್ನ ಕೇಳ್ಬೇಕಾ ಭಾವ?” ಎಂದೆ.

ಒಳ್ಳೆಯ ವಾಕ್ಯ. ಯಾವ ಕಡೆಯಿಂದ ಓದಿದರೂ ತಪ್ಪಿಲ್ಲ.

ಆಗಸ್ಟ್ ೨೫, ಭಾನುವಾರ

ಮಹಾಜನರೇ, ಇದನ್ನು ಸಾವಧಾನವಾಗಿ ಬರೆಯಬೇಕು.

ಹೊತ್ತಿಗೆ ಸರಿಯಾಗಿ ಹೊರಡುವ ಚಳವಳಿಗಾಗಿ ಎಲ್ಲ ಬಸ್ಸುಗಳನ್ನೂ ಎರಡು ಗಂಟೆ ನಿಲ್ಲಿಸಲಾಗಿತ್ತು. ಗ್ಯಾರೇಜಿನ ಶೆಡ್ಡಿನಲ್ಲಿ ಸಭೆ. ಇನ್ನೂರ ಹನ್ನೆರಡೂ ಜನ ಹಾಜರು. ಧ್ವನಿವರ್ಧಕದ ಪೆಟ್ಟಿಗೆ ನೋಡಿಕೊಳ್ಳಲು ನಾನು ಕೊನೆಯ ಸಾಲಿನ ಮೂಲೆಯಲ್ಲಿದ್ದೆ. ಹೆಡ್ ಮೆಕ್ಯಾನಿಕ್ ಮೊದಲ ಸಾಲಿನಲ್ಲಿ, ತೊಡೆಯ ಮೇಲೆ ಪೇಪರಿನ ಪೊಟ್ಟಣ. ಮೇಜಿನ ಮೇಲೆ ಚೀಟಿ, ಡಬ್ಬಿ.

ಅಧ್ಯಕ್ಷರು ವೇದಿಕೆಯ ಮೇಲೆ ಕನ್ನಡಕ ಹಾಕುವುದಿಲ್ಲ. ಅದಕ್ಕಾಗಿ ಗುಮಾಸ್ತ ನನ್ನ ಭಾಷಣವನ್ನು ದೊಡ್ಡ ಅಕ್ಷರ ಬರುವ ಹಾಗೆ ಜೆರಾಕ್ಸ್ ಮಾಡಿಸಿ ತಂದಿದ್ದ. ಜೆರಾಕ್ಸಿನಲ್ಲಿ ನೀಲಿಯೂ ಕಪ್ಪು, ಕೆಂಪೂ ಕಪ್ಪು. ಯಾರಿಗೂ ಹೊಳೆದಿರಲಿಲ್ಲ. ನನಗೆ ಹೊಳೆದದ್ದು ಅಧ್ಯಕ್ಷರು ತಾಯಿಯ ಕಥೆಯ ನಡುವೆ ಗಟ್ಟಿಯಾಗಿ, “ಅಷ್ಟರಲ್ಲಿ ಅಜ್ಜನ ಉಸಿರು ನಿಂತಿತ್ತು. ಇಲ್ಲಿ ಎರಡು ಕ್ಷಣ ಮೌನ,” ಎಂದು ಓದಿದಾಗ.

ಈಗ ನಗುತ್ತಾರೆ, ಎಲ್ಲ ಮುಗಿಯಿತು ಎಂದುಕೊಂಡೆ. ಯಾರೂ ನಗಲಿಲ್ಲ. ಇಡೀ ಶೆಡ್ಡು ತಲೆ ತಗ್ಗಿಸಿ ಎರಡು ಕ್ಷಣ ಮೌನವಾಯಿತು. ತಗಡಿನ ಮೇಲೆ ಕಾಗೆ ನಡೆದದ್ದೂ ಕೇಳಿಸಿತು.

ಅಧ್ಯಕ್ಷರು ಕಾಗದದಿಂದ ತಲೆ ಎತ್ತಿದರು. ಅವರಿಗೂ ಹೊಳೆದಿತ್ತು. ಒಂದು ಹುಬ್ಬು ನಿಧಾನವಾಗಿ ಮೇಲೇರಿತು. ಕಡಿಮೆ ದುಡ್ಡಿಗೆ ಇಡೀ ಬಸ್ಸು ಸಿಕ್ಕವನ ಮುಖ. ಮುಂದಿನ ಸಾಲನ್ನು ಒಂದೊಂದೇ ಪದ ಬಿಡಿಸಿ ಓದಿದರು: “ಇಲ್ಲಿ... ಕಣ್ಣು... ಒರೆಸಿಕೊಳ್ಳಿ.”

ಇನ್ನೂರು ಕರವಸ್ತ್ರಗಳು ಹೊರಗೆ ಬಂದವು. ಇಲ್ಲದವರು ತೋಳಿನಿಂದ ಒರೆಸಿಕೊಂಡರು. ಒರೆಸಿಕೊಳ್ಳುವಷ್ಟರಲ್ಲಿ ಅಳುವೂ ಬಂತು. ಕ್ರಮ ತಿರುಗುಮುರುಗಾದರೂ ನಿಜವಾದ ಅಳು. ಆ ಬರಿಗಾಲುಗಳನ್ನು ಕಟ್ಟಿದವನು ನಾನೇ ಎಂದು ಗೊತ್ತಿದ್ದೂ ನಾನೂ ತೋಳಿನಿಂದ ಕಣ್ಣೊರೆಸಿಕೊಂಡೆ.

ಆಮೇಲೆ: “ಹೊತ್ತಿನ ಶತ್ರುವನ್ನು ನಾವು ಇನ್ನೂ ನಮ್ಮ ನಡುವೆ ಇಟ್ಟುಕೊಳ್ಳಬೇಕೇ? ಬೇಡ ಎನ್ನುತ್ತೇನೆ ನಾನು! ಇಲ್ಲಿ ಬಲಗೈ ಮೇಲೆತ್ತಿ.”

ಆ ಕೆಂಪು ಸಾಲು ಅಧ್ಯಕ್ಷರ ಕೈಗೆ ಬರೆದದ್ದು, ವೀರಾವೇಶದ ಭಂಗಿಗೆ. ಎದ್ದದ್ದು ಸಭೆಯ ಕೈಗಳು. ಗುಮಾಸ್ತ ಓಡಾಡಿ ಎಣಿಸಿ, “ಇನ್ನೂರ ಹನ್ನೊಂದು!” ಎಂದು ಕೂಗಿದ. ಅಧ್ಯಕ್ಷರು ಚೀಟಿಯ ಡಬ್ಬಿಯನ್ನು ಪ್ರೀತಿಯಿಂದ ಪಕ್ಕಕ್ಕೆ ಸರಿಸಿದರು. “ಇಷ್ಟು ತೆರೆದ ಮನಸ್ಸು ಕಂಡ ಮೇಲೆ ಗುಟ್ಟಿನ ಚೀಟಿ ಯಾಕೆ? ಎತ್ತದ ಆ ಒಂದು ಕೈ ಯಾರದೆಂದು ನಾನು ಕೇಳುವುದಿಲ್ಲ.” ಆ ದೊಡ್ಡ ಮನಸ್ಸಿಗೆ ಮತ್ತೆ ಚಪ್ಪಾಳೆ.

ಪೊಟ್ಟಣ ಬಿಚ್ಚಲೇ ಇಲ್ಲ.

ಇದು ಯಾರ ತಪ್ಪೂ ಅಲ್ಲ. ಜೆರಾಕ್ಸ್ ಯಂತ್ರದ ಮಿತಿ.

ಆಗಸ್ಟ್ ೨೬, ಸೋಮವಾರ

ನಿನ್ನೆ ಮನೆಗೆ ಬರುವಷ್ಟರಲ್ಲಿ ಎಲ್ಲರೂ ಮಲಗಿದ್ದರು. ಇವತ್ತು ಸಂಜೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಅಂಚೆ ಕಚೇರಿಗೆ ನನಗಿಂತ ಮೊದಲೇ ತಲುಪಿತ್ತು.

“ಇನ್ನೂರ ಹನ್ನೊಂದಂತೆ.”

“ಹೌದು.”

“ಒಂದು ಕೈ ಎದ್ದಿಲ್ಲವಂತೆ.”

“ಹೌದು.”

ಅವಳು ನನ್ನನ್ನೇ ನೋಡಿದಳು. ಪತ್ರದ ಮೇಲೆ ಅರ್ಧ ಅಳಿಸಿದ ವಿಳಾಸವನ್ನು ಓದುವವಳ ಹಾಗೆ. ನಾನು ಚಪ್ಪಲಿ ಬಿಡುವ ನೆಪದಲ್ಲಿ ತಲೆ ಬಗ್ಗಿಸಿದೆ. ಅವಳ ದನಿ ತಟ್ಟನೆ ಮೆತ್ತಗಾಯಿತು. “ನಿಮ್ಮದಾ ರೀ?”

ಎಷ್ಟೋ ದಿನದ ಮೇಲೆ ಬಿಸಿ ಚಹಾ ಕೈಗೆ ಬಂತು.

ಸೆಪ್ಟೆಂಬರ್ ೧, ಭಾನುವಾರ

ಭಾವ ಬಂದಿದ್ದರು. ನಿಲ್ದಾಣದ ಗೇಟಿನ ಪಕ್ಕದ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದಾರೆ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ತಂಗಿ ಹೇಳಿದ್ಲು ಕಣಯ್ಯಾ. ನೀನೊಬ್ಬನಾದ್ರೂ... ನನ್ನ ಕಥೆ ಕೇಳು, ನಾನೇ ಎತ್ತಿಬಿಟ್ಟೆ!”

“ನೀವಾ?”

“ಎಲ್ರೂ ಕಣ್ಣೊರೆಸ್ಕೊಂಡ್ರು, ನಾನೂ ಒರೆಸ್ಕೊಂಡೆ. ಆ ತಾಯಿ ಕಾಲು ಸುಟ್ಟಿದ್ದು ಕೇಳಿದ್ರೆ ಯಾರಿಗೆ ತಡೆಯುತ್ತೆ ಹೇಳು. ಅದೇ ಗುಂಗಲ್ಲಿದ್ದೆ. ಕೈ ಎತ್ತಿ ಅಂದ್ರು, ಎತ್ತಿದೆ. ಪಕ್ಕದವನ್ನ ಕೇಳಿದೆ, ಯಾತಕ್ಕಪ್ಪಾ ಇದು ಅಂತ. ನಿನ್ನ ತೆಗೆಯೋಕೆ ಅಂದ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ನಿಲ್ಲಿಸಿದರು.

ಹೋಗುವ ಮೊದಲು ಕುರ್ಚಿ ಹತ್ತಿ ನಮ್ಮ ಫ್ಯಾನು ಬಿಚ್ಚಿದರು. ಮೂರು ವರ್ಷದಿಂದ ಕಿರುಗುಡುತ್ತಿತ್ತು. ಈಗ ಸದ್ದೇ ಇಲ್ಲ. ಸದ್ದಿಲ್ಲದ ಮನೆಯಲ್ಲಿ ಕೂರುವುದು ಕಷ್ಟ.

ಸೆಪ್ಟೆಂಬರ್ ೯, ಸೋಮವಾರ

ನಿಂತಿದ್ದ ಒಂಬತ್ತು ಬಸ್ಸುಗಳನ್ನೂ ಹಾಗೆಯೇ ರಸ್ತೆಗಿಳಿಸಲಾಗಿದೆ. ಇವತ್ತು ಹನ್ನೊಂದೂಕಾಲಿಗೆ ಹದಿನೇಳನೇ ನಂಬರು ನಿಲ್ದಾಣದೊಳಗೆ ಬಂತು, ಬರುತ್ತಲೇ ಇತ್ತು, ಮೂರನೇ ಅಂಕಣ ದಾಟಿತು, ಹೂಕುಂಡಗಳನ್ನು ದಾಟಿತು, ನನ್ನ ಗೂಡಿನ ಗೋಡೆಗೆ ಮೂತಿ ಇಟ್ಟು ನಿಂತಿತು. ಒಂದು ಗಾಜು ಉದುರಿತು. ಯಾರಿಗೂ ಗಾಯವಿಲ್ಲ. ಚಾಲಕ ಸ್ಟಿಯರಿಂಗ್ ಬಿಡಲೊಲ್ಲ.

ಅಧ್ಯಕ್ಷರು ಫೋನಿನಲ್ಲಿ, “ನಾಲ್ಕು ನಿಮಿಷ ಮೊದಲೇ ಬಂದಿದೆ. ಮೈಕಲ್ಲಿ ಹೇಳಿ,” ಎಂದರು. ಮೈಕು ಹಾಕಿದೆ. ಪ್ರಾಸ ಬರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ.

ಅಷ್ಟರಲ್ಲಿ ಭಾವ ಸೈಕಲ್ ಅಂಗಡಿಯಿಂದ ಓಡಿ ಬಂದು, ಒಡೆದ ಗಾಜಿನೊಳಗೆ ತಲೆ ಹಾಕಿ ಕೇಳಿದರು, “ನಿನಗೇನೂ ಆಗ್ಲಿಲ್ವಾ?” ಇಲ್ಲವೆಂದು ತಲೆಯಾಡಿಸಿದೆ. ಅವರು ಸುತ್ತ ಸೇರಿದ ಚಾಲಕರ ಕಡೆ ತಿರುಗಿದರು. “ನೋಡ್ರಯ್ಯಾ, ಇನ್ನೂರ ಹನ್ನೆರಡು ಜನದಲ್ಲಿ ಕೈ ಎತ್ತದೆ ಕೂತವನು ಇವನೊಬ್ಬನೇ! ನನ್ನ ಪರ ಇದ್ದ ಗಂಡಸು ಇವನೊಬ್ಬನೇ!”

ಮೈಕು ಆರಿಸಿರಲಿಲ್ಲ. ಎಂಟು ಅಂಕಣಕ್ಕೂ ಕೇಳಿಸಿತು. ಅಧ್ಯಕ್ಷರ ಕೋಣೆಗೂ.

ಸೆಪ್ಟೆಂಬರ್ ೧೦, ಮಂಗಳವಾರ

ಮಾನ್ಯ ಮಹಾಜನರೇ, ಇತಿಹಾಸಕಾರರೇ, ಬೆಳಿಗ್ಗೆ ಅಧ್ಯಕ್ಷರು ನನ್ನನ್ನು ಕರೆಸಿ, ಎತ್ತದ ಕೈ ನಿನ್ನದೇ ಏನು ಎಂದು ಕೇಳಿದಾಗ, ನಾನು ತಲೆ ಎತ್ತಿ, ಒಂದು ಹೆಜ್ಜೆಯೂ ಹಿಂದೆ ಸರಿಯದೆ, ಧೀರವಾಗಿ ನುಡಿದದ್ದೇನೆಂದರೆ

ಇಲ್ಲ.

ಹಾಗೇನೂ ನುಡಿಯಲಿಲ್ಲ. “ನಾನಲ್ಲ ಸಾರ್, ನಾನು ಎತ್ತಿದ್ದೆ ಸಾರ್,” ಎಂದೆ. ಎರಡು ಸಲ ಹೇಳಿದೆ. “ಗೊತ್ತು, ವೇದಿಕೆ ಮೇಲಿಂದ ಕಂಡಿತ್ತು,” ಎಂದು ಚಹಾ ತರಿಸಿದ. ಕುಡಿದು ಬಂದೆ.

ಎತ್ತದ ಕೈ ರಾತ್ರಿ ಪಾಳಿಯ ಕಾವಲುಗಾರನದು. ನನ್ನ ಪಕ್ಕದಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದ. ನಾನು ಎಚ್ಚರವಾಗಿದ್ದೆ. ಬಲಗೈಯ ಆ ಸಾಲು ಯಾರಿಗೆ ಬರೆದದ್ದೆಂದು ಆ ಶೆಡ್ಡಿನಲ್ಲಿ ಕೂತವರ ಪೈಕಿ ಗೊತ್ತಿದ್ದವನು ನಾನೊಬ್ಬನೇ. ಭಾಷಣ ನನಗೆ ಬಾಯಿಪಾಠ. ಆ ಚೆಕಿಂಗ್‌ನವ ಅದನ್ನು ಓದುವ ಮೊದಲೇ ನನ್ನ ಕೈ ಮೇಲಿತ್ತು.